ರಿಸೆಪ್ಟರ್‌ಗೆ ಹಸಿರು ದೀಪ ಕಟ್ಟುವುದು ಹೇಗೆ: ಹೊಳೆಯುವ ಪ್ರೊಟೀನ್ ಟ್ಯಾಗ್‌ಗಳ ಕೈಪಿಡಿ

ಕತ್ತಲೆ ಕೋಣೆ. ಕಾನ್ಫೋಕಲ್ ಮೈಕ್ರೋಸ್ಕೋಪಿನ ಪರದೆ ಮೇಲೆ ಒಂದೇ ಒಂದು ಕೋಶ. ಅದರ ಅಂಚಿಗೆ ತೆಳ್ಳಗೆ ಹಸಿರು ಬಳೆ. ನೀವು ಔಷಧಿ ಹಾಕುತ್ತೀರಿ. ಐದು ನಿಮಿಷಕ್ಕೆ ಬಳೆ ಅಲ್ಲಲ್ಲಿ ಮಣಿ ಕಟ್ಟಿದಂತಾಗುತ್ತದೆ. ಇಪ್ಪತ್ತು ನಿಮಿಷಕ್ಕೆ ಆ ಮಣಿಗಳೆಲ್ಲ ಕೋಶದೊಳಗೆ, ಸಾಸಿವೆ ಚೆಲ್ಲಿದ ಹಾಗೆ. ರಿಸೆಪ್ಟರ್, ಅಂದರೆ ಕೋಶದ ಪೊರೆಯಲ್ಲಿ ಕೂತು ಹೊರಗಿನ ಸಂದೇಶ ಹಿಡಿಯುವ ಪ್ರೊಟೀನ್, ಸಂದೇಶ ತಗೊಂಡು ಒಳಗೆ ಹೋದದ್ದನ್ನು ನೀವು ಕಣ್ಣಾರೆ ನೋಡಿದಿರಿ.

ಮೊದಲ ಸಲ ನೋಡಿದಾಗ ಮೈ ಜುಂ ಅನ್ನುತ್ತದೆ. ಎರಡನೇ ಸಲ ಅನುಮಾನ ಬರಬೇಕು. ಪರದೆ ಮೇಲೆ ಕಾಣುತ್ತಿರುವುದು ನಾವು ಕಟ್ಟಿದ ದೀಪ, ಅಂದರೆ ಹೊಳೆಯುವ ಪ್ರೊಟೀನಿನ ಟ್ಯಾಗ್. ದೀಪ ಕಟ್ಟಿಸಿಕೊಂಡ ಮೇಲೂ ರಿಸೆಪ್ಟರ್ ಮೊದಲಿನ ಹಾಗೇ ನಡೆದುಕೊಳ್ಳುತ್ತಿದೆಯಾ? ಈ ಕೆಲಸದಲ್ಲಿ ಮುಕ್ಕಾಲು ಪಾಲು ಇದನ್ನು ಖಾತ್ರಿ ಮಾಡಿಕೊಳ್ಳುವುದೇ. ಹೊಸದಾಗಿ ಲ್ಯಾಬ್ ಸೇರಿದ ಎಂಎಸ್ಸಿ, ಪಿಎಚ್‌ಡಿ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಆದರೆ ಕುತೂಹಲ ಇದ್ದವರು ಯಾರು ಬೇಕಾದರೂ ಓದಬಹುದು.

ಉದಾಹರಣೆಗೆ ಒಂದೇ ರಿಸೆಪ್ಟರ್ ತಗೊಳ್ಳೋಣ: ಬೀಟಾ-2 ಅಡ್ರಿನರ್ಜಿಕ್ ರಿಸೆಪ್ಟರ್. ಹೆಸರು ಉದ್ದ, ಬೀಟಾ-2 ಅಂದರೆ ಸಾಕು. ಅಸ್ತಮಾ ಇರುವವರು ಉಸಿರು ಕಟ್ಟಿದಾಗ ಎಳೆದುಕೊಳ್ಳುವ ಸಾಲ್ಬುಟಮಾಲ್ ಇನ್‌ಹೇಲರ್ ಕೆಲಸ ಮಾಡುವುದು ಇದರ ಮೇಲೇ. ಇಂಥ ರಿಸೆಪ್ಟರ್‌ಗಳ ಕೆಲಸವನ್ನು ಬಿಡಿಸಿ ತೋರಿಸಿದ್ದಕ್ಕೆ ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಬ್ರಯಾನ್ ಕೊಬಿಲ್ಕಾ ಅವರಿಗೆ 2012ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇಷ್ಟು ಚೆನ್ನಾಗಿ ಅಗೆದು ನೋಡಿದ ರಿಸೆಪ್ಟರ್ ಇನ್ನೊಂದು ಸಿಗುವುದು ಕಷ್ಟ. ಕಲಿಯುವವರಿಗೆ ಅದೇ ಅನುಕೂಲ. ನಿಮ್ಮ ಪ್ರಯೋಗ ಸರಿ ಬಂತೋ ಇಲ್ಲವೋ ಅಂತ ಹೋಲಿಸಿ ನೋಡಲು ಉತ್ತರ ಮೊದಲೇ ಗೊತ್ತಿದೆ.

ಇದರಲ್ಲಿ 413 ಅಮೈನೊ ಆಮ್ಲಗಳಿವೆ. ಕೋಶದ ಪೊರೆಯನ್ನು ಏಳು ಸಲ ಹೊಲಿಗೆ ಹಾಕಿದ ಹಾಗೆ ದಾಟುತ್ತದೆ. ಒಂದು ತುದಿ ಹೊರಗೆ, ಅದನ್ನು ತಲೆ ಅನ್ನೋಣ. ಇನ್ನೊಂದು ತುದಿ ಒಳಗೆ, ಅದು ಬಾಲ. ಅಡ್ರಿನಲಿನ್ ಹೊರಗಿನಿಂದ ಬಂದು ಕೂತರೆ, ಒಳಗಡೆ ಜಿ ಪ್ರೊಟೀನ್ ಎಚ್ಚರಗೊಂಡು ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣು ಏರುತ್ತದೆ. ಸ್ವಲ್ಪ ಹೊತ್ತಿಗೆ ರಿಸೆಪ್ಟರ್‌ನ ಬಾಲಕ್ಕೆ ಫಾಸ್ಫೇಟ್ ಅಂಟುತ್ತದೆ. ಅದನ್ನು ನೋಡಿ ಅರೆಸ್ಟಿನ್ ಎಂಬ ಪ್ರೊಟೀನ್ ಬಂದು ಹಿಡಿದುಕೊಳ್ಳುತ್ತದೆ. ಆಮೇಲೆ ಪೊರೆ ಗುಳಿ ಬಿದ್ದು, ರಿಸೆಪ್ಟರ್ ಎಂಡೋಸೋಮ್ ಎಂಬ ಚಿಕ್ಕ ಚೀಲದೊಳಗೆ ಸೇರುತ್ತದೆ. ಅಲ್ಲಿಂದ ಬಹುಪಾಲು ವಾಪಸ್ ಪೊರೆಗೆ ಬರುತ್ತದೆ. ಈ ವಾಪಸ್ ಬರುವ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಪ್ರಶ್ನೆ, ಆಮೇಲೆ ಪ್ಲಾಸ್ಮಿಡ್

ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಫ್ರೀಜರ್‌ನಲ್ಲಿ ಯಾವುದೋ ಹಸಿರು ಪ್ಲಾಸ್ಮಿಡ್ (ಕೋಶದೊಳಗೆ ಜೀನ್ ಸಾಗಿಸುವ ಡಿಎನ್‌ಎ ಉಂಗುರ) ಇದೆ, ಅದರಿಂದಲೇ ಏನಾದರೂ ಮಾಡೋಣ ಅಂತ ಹೊರಡುತ್ತಾರೆ. ಹಾಗೆ ಮಾಡಬೇಡಿ. ನಿಮ್ಮ ಪ್ರಶ್ನೆ ಈ ಮೂರರಲ್ಲಿ ಯಾವುದು?

ರಿಸೆಪ್ಟರ್ ಎಲ್ಲಿಗೆ ಹೋಗುತ್ತದೆ ಎಂಬುದಾದರೆ, ರಿಸೆಪ್ಟರ್‌ಗೇ ಟ್ಯಾಗ್ ಕಟ್ಟಬೇಕು. ಯಾರು ಬಂದು ಹಿಡಿಯುತ್ತಾರೆ ಎಂಬುದಾದರೆ, ರಿಸೆಪ್ಟರ್ ಮುಟ್ಟಬೇಡಿ, ಬರುವವರಿಗೆ ಅಂದರೆ ಅರೆಸ್ಟಿನ್‌ಗೆ ಟ್ಯಾಗ್ ಕಟ್ಟಿ. 1997ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಗುಂಪು ಮಾಡಿದ್ದು ಇದನ್ನೇ. ಇನ್ನು, ಒಳಗೆ ಸಂದೇಶ ಎಷ್ಟು ಜೋರಾಗಿ ಹೋಯಿತು ಎಂಬುದಾದರೆ, ಸೈಕ್ಲಿಕ್ ಎಎಂಪಿ ಅಳೆಯುವ ಸೆನ್ಸರ್ ಬೇಕು. ಅದಕ್ಕೂ ರಿಸೆಪ್ಟರ್ ಮುಟ್ಟುವ ಅಗತ್ಯ ಇಲ್ಲ. ಮೂರರಲ್ಲಿ ಎರಡು ಪ್ರಶ್ನೆಗೆ ರಿಸೆಪ್ಟರ್ ಅನ್ನು ಅದರ ಪಾಡಿಗೆ ಬಿಡುವುದೇ ವಾಸಿ, ಅಲ್ವಾ? ಇಷ್ಟು ಮೊದಲೇ ಯೋಚಿಸಿದರೆ ಆರು ತಿಂಗಳು ಉಳಿಯುತ್ತದೆ.

ಇನ್ನೊಂದು ಕಾಗದದ ಕೆಲಸ. ಭಾರತದಲ್ಲಿ ರಿಕಾಂಬಿನೆಂಟ್ ಡಿಎನ್‌ಎ ಕೆಲಸ ಶುರು ಮಾಡುವ ಮುಂಚೆ ನಿಮ್ಮ ಸಂಸ್ಥೆಯ ಬಯೋಸೇಫ್ಟಿ ಕಮಿಟಿಗೆ ವಿಷಯ ಹೋಗಿರಬೇಕು. ಸಾಮಾನ್ಯವಾಗಿ ಲ್ಯಾಬಿನ ಹಿರಿಯರು ಒಪ್ಪಿಗೆ ತಗೊಂಡಿರುತ್ತಾರೆ. ಆದರೂ ಒಂದು ಸಲ ಕೇಳಿ.

ಬಣ್ಣ ಆರಿಸುವುದು

ಹಸಿರಾಗಿ ಹೊಳೆಯುವ ಪ್ರೊಟೀನ್, ಅಂದರೆ ಜಿಎಫ್‌ಪಿ, ಬಂದದ್ದು ಈಕ್ವೋರಿಯಾ ವಿಕ್ಟೋರಿಯಾ ಎಂಬ ಜೆಲ್ಲಿ ಮೀನಿನಿಂದ. ಒಸಾಮು ಶಿಮೊಮುರಾ ಅದನ್ನು ಮೊದಲು ಗುರುತಿಸಿದ್ದು 1960ರ ದಶಕದ ಶುರುವಿನಲ್ಲಿ. ಡಗ್ಲಸ್ ಪ್ರಾಶರ್ 1992ರಲ್ಲಿ ಅದರ ಜೀನ್ ಬಿಡಿಸಿಟ್ಟರು. 1994ರಲ್ಲಿ ಮಾರ್ಟಿನ್ ಚಾಲ್ಫಿ ಆ ಜೀನನ್ನು ಬ್ಯಾಕ್ಟೀರಿಯಾದಲ್ಲೂ ಒಂದು ಸಣ್ಣ ಹುಳದಲ್ಲೂ ಹೊಳೆಯಿಸಿದರು. ರೋಜರ್ ಚಿಯೆನ್ ಅದನ್ನು ತಿದ್ದಿ ತೀಡಿ ಬಣ್ಣ ಬಣ್ಣ ಮಾಡಿದರು. 2008ರ ನೊಬೆಲ್ ಶಿಮೊಮುರಾ, ಚಾಲ್ಫಿ, ಚಿಯೆನ್ ಮೂವರಿಗೆ ಹೋಯಿತು. ಪ್ರಾಶರ್ ಅವರಿಗೆ ಸಿಗಲಿಲ್ಲ. ಆ ಹೊತ್ತಿಗೆ ಅವರು ಸಂಶೋಧನೆ ಬಿಟ್ಟು, ಕಾರು ಮಾರುವ ಒಂದು ಶೋರೂಮಿನ ಗ್ರಾಹಕರ ವ್ಯಾನ್ ಓಡಿಸುತ್ತಿದ್ದರು. ಈ ಕತೆ ನೆನೆದಾಗಲೆಲ್ಲ ನನಗೆ ಒಂಥರಾ ಆಗುತ್ತದೆ.

ಜಿಎಫ್‌ಪಿ 238 ಅಮೈನೊ ಆಮ್ಲಗಳ ಒಂದು ಡಬ್ಬಿ. ತೂಕ ಸುಮಾರು 27 ಕಿಲೋಡಾಲ್ಟನ್. ಬೀಟಾ-2 ಸುಮಾರು 47. ಅಂದರೆ ರಿಸೆಪ್ಟರ್‌ನ ಅರ್ಧಕ್ಕಿಂತ ದಪ್ಪದ ದೀಪವನ್ನು ಅದಕ್ಕೆ ನೇತು ಹಾಕುತ್ತಿದ್ದೇವೆ. ಇದನ್ನು ಸಣ್ಣ ಚೀಟಿ ಅಂತ ತಿಳಿಯಬೇಡಿ.

ಶುರುವಿಗೆ, ಜಿಎಫ್‌ಪಿಯನ್ನು ಇನ್ನೂ ಚೆನ್ನಾಗಿ ಹೊಳೆಯುವಂತೆ ತಿದ್ದಿದ ಇಜಿಎಫ್‌ಪಿ ಸಾಕು. 488 ನ್ಯಾನೋಮೀಟರ್ ಲೇಸರ್ ಎಲ್ಲಾ ಕಾನ್ಫೋಕಲ್‌ನಲ್ಲೂ ಇರುತ್ತದೆ. ಬೆಳಕು ಹೊರಬರುವುದು 507ರ ಆಸುಪಾಸು. ಜೊತೆಗೆ ಇನ್ನೊಂದು ಬಣ್ಣ ಬೇಕಾದರೆ ಎಂಚೆರ್ರಿ ಎಂಬ ಕೆಂಪು ಪ್ರೊಟೀನ್, 587ರಲ್ಲಿ ಹೀರಿ 610ರಲ್ಲಿ ಹೊಳೆಯುತ್ತದೆ. 561 ಲೇಸರ್ ಹಾಕಿದರೆ ನಡೆಯುತ್ತದೆ. ಇಜಿಎಫ್‌ಪಿ ತಗೊಳ್ಳುವಾಗ ಎ206ಕೆ ಬದಲಾವಣೆ (206ನೇ ಜಾಗದ ಅಲನಿನ್ ಬದಲು ಲೈಸಿನ್) ಇರುವುದನ್ನೇ ಕೇಳಿ ತಗೊಳ್ಳಿ. ಅದಿಲ್ಲದ ಜಿಎಫ್‌ಪಿಗೆ ಒಂದಕ್ಕೊಂದು ಅಂಟುವ ಸಣ್ಣ ಚಾಳಿ ಇದೆ. ಬಿಡಿಯಾಗಿ ತೇಲುವಾಗ ಅದು ಗೊತ್ತಾಗುವುದಿಲ್ಲ. ಪೊರೆಯಲ್ಲಿ ರಿಸೆಪ್ಟರ್‌ಗಳು ಒತ್ತೊತ್ತಾಗಿ ನಿಂತಾಗ ದೀಪಗಳು ಜೋಡಿ ಕಟ್ಟಿಕೊಂಡರೆ, ರಿಸೆಪ್ಟರ್‌ಗಳೇ ಜೋಡಿಯಾದವು ಅಂತ ನೀವು ಪ್ರಬಂಧ ಬರೆಯುತ್ತೀರಿ.

ಎಂಚೆರ್ರಿಯದು ಬೇರೆ ತಕರಾರು. ಕೋಶದ ಕಸದ ಬುಟ್ಟಿಯಾದ ಲೈಸೋಸೋಮ್‌ನಲ್ಲಿ ರಿಸೆಪ್ಟರ್ ಚೂರಾದ ಮೇಲೂ ಎಂಚೆರ್ರಿ ಬೇಗ ಕರಗುವುದಿಲ್ಲ, ಆಮ್ಲದಲ್ಲೂ ಹೊಳೆಯುತ್ತಲೇ ಇರುತ್ತದೆ. ಒಳಗೆ ದಪ್ಪ ದಪ್ಪ ಕೆಂಪು ಚುಕ್ಕೆ ನೋಡಿ ರಿಸೆಪ್ಟರ್ ಎಂಡೋಸೋಮ್‌ನಲ್ಲಿ ಕೂತಿದೆ ಅಂತ ನಾನು ಎರಡು ವಾರ ಖುಷಿಪಟ್ಟಿದ್ದೆ. ಔಷಧಿ ಹಾಕದ ಡಿಶ್ ನೋಡಿದಾಗ ಅಲ್ಲೂ ಅಷ್ಟೇ ಚುಕ್ಕೆ.

ಎಲ್ಲಿ ಕಟ್ಟಬೇಕು

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಸುಲಭ ಅಂತ ಎಲ್ಲರೂ ಬಾಲಕ್ಕೆ ಕಟ್ಟುತ್ತಾರೆ. ಬಾಲ ಕೋಶದ ಒಳಗಿದೆ, ಔಷಧಿ ಕೂರುವ ಜಾಗಕ್ಕೆ ದೂರ, ರಿಸೆಪ್ಟರ್ ಪೊರೆಗೆ ಬಂದು ಸೇರಲು ಅಡ್ಡಿಯಿಲ್ಲ. ಬೀಟಾ-2ಗೆ ಬಾಲದಲ್ಲಿ ಜಿಎಫ್‌ಪಿ ಕಟ್ಟಿದರೆ ಔಷಧಿ ಹಿಡಿಯುತ್ತದೆ, ಸೈಕ್ಲಿಕ್ ಎಎಂಪಿ ಏರುತ್ತದೆ, ಒಳಗೂ ಹೋಗುತ್ತದೆ. ಎಲ್ಲಾ ಸರಿ. ಆದರೆ ಬೀಟಾ-2 ಬಾಲದ ತುತ್ತತುದಿಯ ನಾಲ್ಕು ಅಮೈನೊ ಆಮ್ಲಗಳು, ಅಂದರೆ ಆಸ್ಪಾರ್ಟೇಟ್, ಸೆರಿನ್, ಲೂಸಿನ್, ಲೂಸಿನ್, ಒಂದು ವಿಳಾಸದ ಚೀಟಿ. ಎಂಡೋಸೋಮ್‌ನಲ್ಲಿ ಆ ಚೀಟಿ ಓದಿಯೇ ರಿಸೆಪ್ಟರ್ ಅನ್ನು ವಾಪಸ್ ಪೊರೆಗೆ ಕಳಿಸುವುದು. ಆ ಚೀಟಿ ತುದಿಯಲ್ಲೇ ಇರಬೇಕು. ಅದರ ಆಚೆ ತುದಿಗೆ ಒಂದೇ ಒಂದು ಅಲನಿನ್ ಸೇರಿಸಿದರೂ ಓದಲು ಬರುವುದಿಲ್ಲ ಅಂತ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗುಂಪು 1999ರಲ್ಲಿ ತೋರಿಸಿತು. ನಾವು ಅಲ್ಲಿಗೆ 238 ಸೇರಿಸುತ್ತಿದ್ದೇವೆ!

ಹಾಗಾಗಿ ರಿಸೆಪ್ಟರ್ ಒಳಗೆ ಹೋಗುವುದನ್ನಷ್ಟೇ ನೋಡುವವರಿಗೆ ಬಾಲದ ಟ್ಯಾಗ್ ನಡೆಯುತ್ತದೆ. ವಾಪಸ್ ಬರುವುದನ್ನು ನೋಡುವವರಿಗೆ ಅದು ಸುಳ್ಳು ಹೇಳುತ್ತದೆ. ಅದೂ ಚಂದದ ಚಿತ್ರ ತೋರಿಸಿ ಹೇಳುತ್ತದೆ.

ಅಂಥವರು ತಲೆಗೆ ಕಟ್ಟಬೇಕು. ತಲೆಗೆ ಜಿಎಫ್‌ಪಿ ಇಟ್ಟರೆ ಬೇರೆ ಕಷ್ಟ. ಅಷ್ಟು ದೊಡ್ಡ ಡಬ್ಬಿಯನ್ನು ಪೊರೆಯ ಆಚೆ ದಾಟಿಸಬೇಕು. ಅದಕ್ಕೆ ಮುಂದೆ ಒಂದು ಸಿಗ್ನಲ್ ಪೆಪ್ಟೈಡ್ ಸೇರಿಸುತ್ತಾರೆ. ಫ್ಲೂ ವೈರಸ್ಸಿನ ಹಿಮಾಗ್ಲುಟಿನಿನ್‌ನಿಂದ ಎರವಲು ತಂದ 16 ಅಮೈನೊ ಆಮ್ಲಗಳ ಒಂದು ತುಂಡು ಬಹಳ ಕಡೆ ಬಳಕೆಯಲ್ಲಿದೆ. ಕೆಲಸ ಮುಗಿದ ಮೇಲೆ ಕೋಶವೇ ಅದನ್ನು ಕತ್ತರಿಸಿ ಬಿಸಾಕುತ್ತದೆ. ಜೋಡಣೆಯ ಸಾಲು ಹೀಗೆ: ಸಿಗ್ನಲ್ ಪೆಪ್ಟೈಡ್, ಟ್ಯಾಗ್, ಚಿಕ್ಕ ಕೊಂಡಿ, ಆಮೇಲೆ ರಿಸೆಪ್ಟರ್.

ತಲೆಗೆ ಇಡುವುದಾದರೆ ಮಾಮೂಲಿ ಇಜಿಎಫ್‌ಪಿ ಬದಲು ಸೂಪರ್‌ಇಕ್ಲಿಪ್ಟಿಕ್ ಪಿಎಚ್‌ಲೋರಿನ್ ಇಡಿ. ಇದು ಜಿಎಫ್‌ಪಿಯ ತಮ್ಮ. ಹೊರಗಿನ 7.4 ಪಿಎಚ್‌ನಲ್ಲಿ ಚೆನ್ನಾಗಿ ಹೊಳೆಯುತ್ತದೆ, ಎಂಡೋಸೋಮ್‌ನ ಹುಳಿಯಲ್ಲಿ ಮಂಕಾಗುತ್ತದೆ. ರಿಸೆಪ್ಟರ್ ಒಳಗೆ ಹೋದರೆ ಬೆಳಕು ಇಳಿಯುತ್ತದೆ, ವಾಪಸ್ ಬಂದರೆ ಏರುತ್ತದೆ. ಲೆಕ್ಕ ಸಲೀಸು. ಅನುಮಾನ ಬಂದರೆ ಕೊನೆಯಲ್ಲಿ 50 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್ ಹಾಕಿ ನೋಡಿ. ಒಳಗಿನ ಹುಳಿ ಕಡಿಮೆಯಾಗಿ, ಕಾಣದೆ ಕೂತಿದ್ದ ರಿಸೆಪ್ಟರ್‌ಗಳೆಲ್ಲ ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ದೀಪಾವಳಿ ಥರ.

ತಲೆಗೂ ಬಾಲಕ್ಕೂ ಮಧ್ಯೆ ಇನ್ನೊಂದು ದಾರಿ ಇದೆ. ಎಂಟೇ ಅಮೈನೊ ಆಮ್ಲಗಳ ಫ್ಲ್ಯಾಗ್ ಟ್ಯಾಗ್ ತಲೆಗೆ ಹಾಕಿ, ಬಣ್ಣ ಹಚ್ಚಿದ ಆಂಟಿಬಾಡಿ ಹೊರಗಿನಿಂದ ಕೊಡುವುದು. ಪೊರೆಯ ಮೇಲಿದ್ದವು ಮಾತ್ರ ಬಣ್ಣ ಹಿಡಿಯುತ್ತವೆ. ರಿಸೆಪ್ಟರ್ ಮೇಲಿನ ಭಾರವೂ ಕಡಿಮೆ. ನನ್ನನ್ನು ಕೇಳಿದರೆ ಹೊಸಬರು ಇದರಿಂದ ಶುರು ಮಾಡಿ, ಆಮೇಲೆ ದೀಪಕ್ಕೆ ಬರುವುದು ಒಳ್ಳೆಯದು.

ಪ್ಲಾಸ್ಮಿಡ್ ಕಟ್ಟುವುದು

ಕಟ್ಟುವ ಮುಂಚೆ ಹುಡುಕಿ. ಬೀಟಾ-2, ಅರೆಸ್ಟಿನ್, ಎಂಡೋಸೋಮ್ ಗುರುತಿಸಲು ಬಳಸುವ ರಾಬ್5 ಎಂಬ ಪ್ರೊಟೀನ್, ಎಲ್ಲದರ ಟ್ಯಾಗ್ ಕಟ್ಟಿದ ಪ್ಲಾಸ್ಮಿಡ್‌ಗಳು ಆಡ್‌ಜೀನ್ ಎಂಬ ಅಮೆರಿಕದ ಪ್ಲಾಸ್ಮಿಡ್ ಭಂಡಾರದಲ್ಲಿ ಸಿಗುತ್ತವೆ. ಇದ್ದದ್ದನ್ನೇ ಮತ್ತೆ ಕಟ್ಟಿ ಆರು ವಾರ ಕಳೆಯುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ.

ಕಟ್ಟಲೇಬೇಕು ಅಂತಾದರೆ ಮೂರು ಕಡೆ ಜನ ಜಾರಿ ಬೀಳುತ್ತಾರೆ. ಒಂದು, ಬಾಲಕ್ಕೆ ಟ್ಯಾಗ್ ಕಟ್ಟುವಾಗ ರಿಸೆಪ್ಟರ್‌ನ ಸ್ಟಾಪ್ ಕೋಡಾನ್ (ಪ್ರೊಟೀನ್ ಇಲ್ಲಿಗೆ ಮುಗಿಯಿತು ಎಂಬ ಗುರುತು) ತೆಗೆಯಲು ಮರೆಯುವುದು. ಆಗ ರಿಸೆಪ್ಟರ್ ಆಗುತ್ತದೆ, ದೀಪ ಆಗುವುದಿಲ್ಲ. ಎರಡು, ರೀಡಿಂಗ್ ಫ್ರೇಮ್. ಮಧ್ಯದ ಕೊಂಡಿಯ ಅಕ್ಷರಗಳು ಮೂರರ ಲೆಕ್ಕದಲ್ಲೇ ಇರಬೇಕು. ಒಂದು ಅಕ್ಷರ ಜಾರಿದರೆ ಮುಂದಿನದೆಲ್ಲ ಗೋಜಲು. ಕೊಂಡಿಗೆ ಗ್ಲೈಸಿನ್ ನಾಲ್ಕು, ಸೆರಿನ್ ಒಂದು, ಇದನ್ನೇ ಎರಡು ಮೂರು ಸಲ ಬರೆದರೆ ಸಾಕಷ್ಟು ಬಳುಕುತ್ತದೆ.

ಮೂರನೆಯದು ಹೆಸರಿನ ಗೊಂದಲ. ಪಿಇಜಿಎಫ್‌ಪಿ-ಎನ್1 ಮತ್ತು ಪಿಇಜಿಎಫ್‌ಪಿ-ಸಿ1 ಅಂತ ಎರಡು ಹಳೆಯ ವೆಕ್ಟರ್‌ಗಳು ಎಲ್ಲಾ ಲ್ಯಾಬಿನಲ್ಲೂ ಬಿದ್ದಿರುತ್ತವೆ. ಎನ್1 ಅಂದರೆ ಟ್ಯಾಗ್ ಎನ್ ತುದಿಗೆ, ಅಂದರೆ ತಲೆಗೆ, ಬರುತ್ತದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಉಲ್ಟಾ. ಎನ್1ರಲ್ಲಿ ನಿಮ್ಮ ಪ್ರೊಟೀನ್ ಹೋಗಿ ಜಿಎಫ್‌ಪಿಯ ಎನ್ ತುದಿಗೆ ಕೂರುತ್ತದೆ, ಅಂದರೆ ಟ್ಯಾಗ್ ನಿಮ್ಮ ಪ್ರೊಟೀನಿನ ಬಾಲಕ್ಕೆ ಬರುತ್ತದೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಬೆಂಚಿಗೆ ಅಂಟಿಸಿ. ಇನ್ನೊಂದು, ಈ ವೆಕ್ಟರ್‌ಗಳಿಗೆ ಬೇಕಾದದ್ದು ಕನಾಮೈಸಿನ್ ಪ್ಲೇಟ್. ನಾನು ಅಭ್ಯಾಸಬಲದಿಂದ ಆಂಪಿಸಿಲಿನ್ ಪ್ಲೇಟ್ ಮೇಲೆ ಹರಡಿ, ಬೆಳಿಗ್ಗೆ ಬೋಳು ಪ್ಲೇಟ್ ನೋಡಿ, ಲಿಗೇಷನ್ (ಡಿಎನ್‌ಎ ತುಂಡುಗಳ ಜೋಡಣೆ) ಕೆಟ್ಟಿತು ಅಂತ ಮತ್ತೆ ಮೊದಲಿಂದ ಮಾಡಿದ್ದೆ. ಮೂರು ಸಲ. ನಾಲ್ಕನೇ ಸಲ ಪಕ್ಕದ ಬೆಂಚಿನ ಅಕ್ಕ ಬಂದು ಪ್ಲೇಟಿನ ಅಂಚಿನ ಗೆರೆ ನೋಡಿ, "ಇದು ಆಂಪ್ ಅಲ್ವೇನೋ?" ಅಂದರು.

ಪ್ಲಾಸ್ಮಿಡ್ ಸಿಕ್ಕ ಮೇಲೆ ಜೋಡಣೆಯ ಜಾಗಗಳನ್ನೆಲ್ಲ ದಾಟುವಷ್ಟು ಸೀಕ್ವೆನ್ಸ್ ಮಾಡಿಸಿ. ಸುಮ್ನೆ ರೆಸ್ಟ್ರಿಕ್ಷನ್ ಕಟ್ ನೋಡಿ ನಂಬಬೇಡಿ.

ದೀಪ ಕಟ್ಟಿಸಿಕೊಂಡ ರಿಸೆಪ್ಟರ್‌ಗೆ ಪರೀಕ್ಷೆ

ಚಿತ್ರ ತೆಗೆಯುವ ಮುಂಚೆ ಎರಡು ಪರೀಕ್ಷೆ. ಮೊದಲನೆಯದು ವೆಸ್ಟರ್ನ್ ಬ್ಲಾಟ್, ಅಂದರೆ ಪ್ರೊಟೀನ್‌ಗಳನ್ನು ತೂಕದ ಪ್ರಕಾರ ಜೆಲ್‌ನಲ್ಲಿ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವುದು. ಜಿಎಫ್‌ಪಿ ಆಂಟಿಬಾಡಿ ಹಾಕಿದರೆ 74 ಕಿಲೋಡಾಲ್ಟನ್‌ನಿಂದ ಮೇಲಕ್ಕೆ ಮಸುಕಾಗಿ ಹರಡಿದ ಪಟ್ಟಿ ಕಾಣಬೇಕು. ರಿಸೆಪ್ಟರ್ ಮೇಲೆ ಸಕ್ಕರೆ ಸರಪಳಿಗಳು ಅಂಟಿರುವುದರಿಂದ ಪಟ್ಟಿ ಚೂಪಾಗಿ ಬರುವುದಿಲ್ಲ. ಸ್ಯಾಂಪಲ್ ಕುದಿಸಬೇಡಿ. ಏಳು ಸಲ ಪೊರೆ ದಾಟುವ ಪ್ರೊಟೀನ್ ಕುದಿಸಿದರೆ ಮುದ್ದೆಯಾಗಿ ಜೆಲ್‌ನ ಬಾಯಲ್ಲೇ ನಿಲ್ಲುತ್ತದೆ. 27ರ ಹತ್ತಿರ ಚೂಪಾದ ಪಟ್ಟಿ ಕಂಡರೆ ಎಚ್ಚರ. ದೀಪ ಕಳಚಿ ಒಂಟಿಯಾಗಿ ಓಡಾಡುತ್ತಿದೆ ಅಂತ ಅರ್ಥ.

ಎರಡನೆಯದು, ಸಂದೇಶ ಕಳಿಸುವ ಶಕ್ತಿ ಉಳಿದಿದೆಯಾ ಎಂಬುದು. ಟ್ಯಾಗ್ ಇರುವ ಮತ್ತು ಇಲ್ಲದ ರಿಸೆಪ್ಟರ್ ಎರಡಕ್ಕೂ ಬೀಟಾ-2 ಅನ್ನು ಎಚ್ಚರಿಸುವ ಔಷಧಿಯಾದ ಐಸೊಪ್ರೊಟೆರಿನಾಲ್ ಅನ್ನು ಸಣ್ಣ ಪ್ರಮಾಣದಿಂದ ದೊಡ್ಡದರವರೆಗೆ ಕೊಟ್ಟು ಸೈಕ್ಲಿಕ್ ಎಎಂಪಿ ಅಳೆಯಿರಿ. ಎರಡೂ ಗೆರೆ ಒಂದರ ಮೇಲೊಂದು ಕೂತರೆ ಸರಿ. ಇಲ್ಲೊಂದು ಗುಂಡಿ ಇದೆ. ನಾವೆಲ್ಲ ಬಳಸುವ, ಮನುಷ್ಯರ ಮೂತ್ರಪಿಂಡದಿಂದ ಬಂದ ಎಚ್‌ಇಕೆ 293 ಕೋಶಗಳಲ್ಲಿ ಬೀಟಾ-2 ಹುಟ್ಟಿನಿಂದಲೇ ಸ್ವಲ್ಪ ಇದೆ. ಏನೂ ಹಾಕದ ಕೋಶಗಳೂ ಐಸೊಪ್ರೊಟೆರಿನಾಲ್‌ಗೆ ಸೈಕ್ಲಿಕ್ ಎಎಂಪಿ ಏರಿಸುತ್ತವೆ. ಆದ್ದರಿಂದ ಖಾಲಿ ವೆಕ್ಟರ್ ಹಾಕಿದ ಡಿಶ್ ಇಲ್ಲದೆ ಈ ಪ್ರಯೋಗಕ್ಕೆ ಅರ್ಥವೇ ಇಲ್ಲ. ನಿಮ್ಮ ಟ್ಯಾಗ್ ಕಟ್ಟಿದ ರಿಸೆಪ್ಟರ್ ಸತ್ತೇ ಹೋಗಿದ್ದರೂ ಕೋಶದ ಸ್ವಂತ ರಿಸೆಪ್ಟರ್ ನಿಮ್ಮನ್ನು ಪಾಸ್ ಮಾಡಿಸಿಬಿಡುತ್ತದೆ.

ಕೋಶಗಳನ್ನು ಸಿದ್ಧ ಮಾಡುವುದು

ತಳಕ್ಕೆ ಗಾಜಿರುವ 35 ಮಿಲಿಮೀಟರ್ ಡಿಶ್ ತಗೊಳ್ಳಿ. ಗಾಜು 1.5 ನಂಬರಿನದು, ಅಂದರೆ 0.17 ಮಿಲಿಮೀಟರ್ ದಪ್ಪದ್ದು. ಮೈಕ್ರೋಸ್ಕೋಪಿನ ಲೆನ್ಸ್‌ಗಳನ್ನು ಆ ದಪ್ಪಕ್ಕೇ ಹೊಂದಿಸಿ ಮಾಡಿರುತ್ತಾರೆ. ಎಚ್‌ಇಕೆ ಕೋಶಗಳಿಗೆ ಗಾಜಿನ ಮೇಲೆ ಹಿಡಿತ ಕಡಿಮೆ, ಉಫ್ ಅಂದರೆ ಎದ್ದು ಬರುತ್ತವೆ. ಪಾಲಿ-ಲೈಸಿನ್ ಸವರಿ, ತೊಳೆದು, ಒಣಗಿಸಿ, ಆಮೇಲೆ ಕೋಶ ಬಿತ್ತಿ.

ಮಾರನೇ ದಿನ ತಳ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದಾಗ ಪ್ಲಾಸ್ಮಿಡ್ ಹಾಕಿ. ಕಿಟ್‌ನ ಕಾಗದದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಡಿಎನ್‌ಎ ಇಂದ ಶುರು ಮಾಡಿ. ಡಿಶ್‌ಗೆ ಅರ್ಧ ಮೈಕ್ರೋಗ್ರಾಂ ಸಾಕು. ಈ ಪ್ಲಾಸ್ಮಿಡ್‌ಗಳಲ್ಲಿ ಜೀನ್ ಚಾಲೂ ಮಾಡುವ ಸಿಎಂವಿ ಪ್ರೊಮೋಟರ್ ತಡೆಯಿಲ್ಲದ ನಲ್ಲಿಯ ಹಾಗೆ. ಜಾಸ್ತಿ ಹಾಕಿದರೆ ರಿಸೆಪ್ಟರ್ ಪೊರೆಗೆ ಹೋಗಲು ದಾರಿ ಸಾಲದೆ ಒಳಗೇ ಗಂಟು ಕಟ್ಟಿ ಕೂರುತ್ತದೆ. ಇರುವ ಅಷ್ಟಿಷ್ಟು ಅರೆಸ್ಟಿನ್ ಕೂಡ ಅಷ್ಟು ರಿಸೆಪ್ಟರ್‌ಗೆ ಸಾಲುವುದಿಲ್ಲ.

ಅರೆಸ್ಟಿನ್ ನೋಡುವವರು ಟ್ಯಾಗ್ ಇಲ್ಲದ ಅಥವಾ ಬರೀ ಫ್ಲ್ಯಾಗ್ ಇರುವ ರಿಸೆಪ್ಟರ್ ಜೊತೆ, ಅದರ ಅರ್ಧಕ್ಕಿಂತ ಕಡಿಮೆ ಅರೆಸ್ಟಿನ್-ಜಿಎಫ್‌ಪಿ ಹಾಕಿ. 24ರಿಂದ 48 ಗಂಟೆಯ ಒಳಗೆ ನೋಡಿ ಮುಗಿಸಿ.

ಡಿಶ್‌ಗಳ ಪಟ್ಟಿಯನ್ನು ಹಿಂದಿನ ದಿನವೇ ಬರೆದಿಡಿ: ಏನೂ ಹಾಕದ ಕೋಶ, ಬರೀ ಹಸಿರು, ಬರೀ ಕೆಂಪು, ಎರಡೂ. ಔಷಧಿ ಬದಲು ಅದನ್ನು ಕರಗಿಸಿದ ದ್ರವ ಮಾತ್ರ ಹಾಕುವುದು ಒಂದು. ಮೊದಲು ಪ್ರೊಪ್ರನೊಲಾಲ್ ಕೊಟ್ಟು ರಿಸೆಪ್ಟರ್ ಬಾಯಿ ಮುಚ್ಚಿಸಿ ಆಮೇಲೆ ಔಷಧಿ ಹಾಕುವುದು ಇನ್ನೊಂದು. ಬರೀ ಹಸಿರಿನ ಡಿಶ್ ಅನ್ನು ಕೆಂಪು ಚಾನೆಲ್‌ನಲ್ಲಿ ನೋಡಿದರೆ ಏನೂ ಕಾಣಬಾರದು. ಕಂಡರೆ ಬಣ್ಣ ಸೋರುತ್ತಿದೆ ಅಂತ.

ಮೈಕ್ರೋಸ್ಕೋಪಿನ ಮುಂದೆ

ಬೆಂಗಳೂರಿನ ಎನ್‌ಸಿಬಿಎಸ್, ಐಐಎಸ್‌ಸಿಯಂಥ ಕಡೆ ಎಲ್ಲರೂ ಹಂಚಿಕೊಂಡು ಬಳಸುವ ಇಮೇಜಿಂಗ್ ಕೇಂದ್ರಗಳಿವೆ. ಎಲ್ಲೇ ಆಗಲಿ, ಸಮಯ ಬುಕ್ ಮಾಡಿಯೇ ಹೋಗಬೇಕು. ನಿಮ್ಮ ಸ್ಲಾಟ್‌ಗೆ ಒಂದು ಗಂಟೆ ಮುಂಚೆ ಹೀಟರ್ ಹಾಕಿಸಿಕೊಳ್ಳಿ. ಕೋಶಕ್ಕೆ 37 ಡಿಗ್ರಿ ಬೇಕು, ಎಸಿ ಕೋಣೆಯ ತಂಪಿನಲ್ಲಿ ರಿಸೆಪ್ಟರ್ ಒಳಗೆ ಹೋಗುವುದು ತೀರಾ ನಿಧಾನವಾಗುತ್ತದೆ. ಬಿಸಿ ಏರುತ್ತಿರುವಾಗ ಲೋಹ ಹಿಗ್ಗಿ ಫೋಕಸ್ ಕೂಡ ಜಾರುತ್ತಿರುತ್ತದೆ.

ಕೋಶ ಬೆಳೆಸುವ ಮೀಡಿಯಂನ ಕೆಂಪು ಬಣ್ಣ ಹಿನ್ನೆಲೆಯಲ್ಲಿ ತಾನೂ ಹೊಳೆಯುತ್ತದೆ. ಅದನ್ನು ತೆಗೆದು ಬಣ್ಣವಿಲ್ಲದ ಉಪ್ಪಿನ ದ್ರಾವಣ ಹಾಕಿ. ಪಿಎಚ್ 7.4ರಲ್ಲಿ ನಿಲ್ಲಲು 20 ಮಿಲಿಮೋಲಾರ್ ಹೆಪಿಸ್ ಸೇರಿಸಿ.

ಈಗ ಕೋಶ ಆರಿಸುವುದು. ಇಲ್ಲಿ ಆಸೆ ಕೈ ಎಳೆಯುತ್ತದೆ. ಕಣ್ಣು ಕುಕ್ಕುವ ಕೋಶದ ಮೇಲೇ ಎಲ್ಲರ ಕಣ್ಣು. ಅದನ್ನು ಬಿಡಿ. ಮಂಕಾಗಿ, ಅಂಚಿನಲ್ಲಿ ತೆಳ್ಳನೆ ಬಳೆ ಇರುವ, ಒಳಗೆ ಗಂಟಿಲ್ಲದ ಕೋಶ ನಿಮ್ಮದು. ಬೀಟಾ-ಅರೆಸ್ಟಿನ್-2 ಎಂಬ ಬಗೆಯ ಅರೆಸ್ಟಿನ್ ಹಾಕಿದ ಡಿಶ್ ಆದರೆ, ಕೋಶ ಪೂರ್ತಿ ಸಮನಾಗಿ ಹಸಿರಿದ್ದು, ನಡುವೆ ನ್ಯೂಕ್ಲಿಯಸ್ ಮಾತ್ರ ಕಪ್ಪು ತೂತಿನ ಹಾಗೆ ಕಾಣಬೇಕು, ಉದ್ದಿನ ವಡೆಯ ಹಾಗೆ.

63 ಪಟ್ಟು ಅಥವಾ 60 ಪಟ್ಟು ಹಿಗ್ಗಿಸುವ ಎಣ್ಣೆ ಲೆನ್ಸ್ ಹಾಕಿ. ಲೇಸರ್ ಕಾಣುವಷ್ಟಕ್ಕೆ ಮಾತ್ರ, ಅದಕ್ಕಿಂತ ಜಾಸ್ತಿ ಬೇಡ. ಚಿತ್ರದಲ್ಲಿ ಯಾವ ಚುಕ್ಕೆಯೂ ಗರಿಷ್ಠ ಮಟ್ಟ ಮುಟ್ಟಬಾರದು. 12 ಬಿಟ್ ಕ್ಯಾಮೆರಾದಲ್ಲಿ ಆ ಗರಿಷ್ಠ 4095. ಮುಟ್ಟಿದರೆ ಆ ಜಾಗದ ಅಳತೆ ಹೋಯಿತು ಅಂತಲೇ. 20 ಸೆಕೆಂಡಿಗೊಂದು ಚಿತ್ರ. ಔಷಧಿ ಹಾಕುವ ಮುಂಚೆ ಐದು ನಿಮಿಷ ಸುಮ್ನೆ ಚಿತ್ರ ತೆಗೆಯುತ್ತಾ ಹೋಗಿ. ಆ ಐದು ನಿಮಿಷದಲ್ಲೇ ಬೆಳಕು ಇಳಿಯುತ್ತಿದ್ದರೆ, ಅದು ನಿಮ್ಮ ಲೇಸರ್ ದೀಪವನ್ನು ಸುಡುತ್ತಿರುವುದು. ಆಮೇಲೆ ಔಷಧಿಯ ಮೇಲೆ ಗೂಬೆ ಕೂರಿಸಬೇಡಿ.

ಐಸೊಪ್ರೊಟೆರಿನಾಲ್ ಅನ್ನು ಅದೇ ದಿನ ಕರಗಿಸಿ, ಸ್ವಲ್ಪ ಆಸ್ಕೊರ್ಬಿಕ್ ಆಮ್ಲ ಸೇರಿಸಿ, ಬೆಳಕಿಗೆ ಇಡಬೇಡಿ. ಗಾಳಿಗೆ ಕೆಟ್ಟರೆ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗುಲಾಬಿ ಕಂಡರೆ ಸಿಂಕಿಗೆ. ಕೋಶದ ಮೇಲೆ ಕೊನೆಗೆ 10 ಮೈಕ್ರೋಮೋಲಾರ್ ಆಗುವಂತೆ ಲೆಕ್ಕ ಹಾಕಿ. ಗಾಢ ಔಷಧಿಯ ಒಂದು ಹನಿಯನ್ನು ಡಿಶ್‌ನ ಮಧ್ಯಕ್ಕೆ ಬಿಡಬೇಡಿ. ಅದು ಕೆಳಗೆ ಕೂತ ಕೋಶಕ್ಕೆ ಒಮ್ಮೆಲೇ ಬಡಿಯುತ್ತದೆ, ಮೂಲೆಯ ಕೋಶಕ್ಕೆ ತಲುಪುವುದೇ ಇಲ್ಲ. ಡಿಶ್‌ನಲ್ಲಿ ಒಂದು ಮಿಲಿಲೀಟರ್ ಇದ್ದರೆ, ಎರಡು ಪಟ್ಟು ಗಾಢದ ಬೆಚ್ಚಗಿನ ದ್ರಾವಣ ಇನ್ನೊಂದು ಮಿಲಿಲೀಟರ್ ತಗೊಂಡು, ಗೋಡೆಯಿಂದ ಇಳಿಯುವಂತೆ ನಿಧಾನಕ್ಕೆ ಹಾಕಿ. ಹಾಲಿಗೆ ಹೆಪ್ಪು ಹಾಕುವಷ್ಟು ನಿಧಾನ. ಕೈ ಸ್ಟೇಜಿಗೆ ತಾಗಬಾರದು.

ಅರೆಸ್ಟಿನ್ ಆದರೆ ಕೆಲವೇ ನಿಮಿಷಕ್ಕೆ ಒಳಗಿನ ಹಸಿರು ಖಾಲಿಯಾಗಿ ಅಂಚಿನಲ್ಲಿ ಚುಕ್ಕೆ ಕಟ್ಟುತ್ತದೆ. ಬೀಟಾ-2 ಜೊತೆಗಿನ ಅರೆಸ್ಟಿನ್ ಅಂಚಿನಲ್ಲೇ ಉಳಿದುಬಿಡುತ್ತದೆ, ರಿಸೆಪ್ಟರ್ ಜೊತೆ ಎಂಡೋಸೋಮ್‌ವರೆಗೆ ಹೋಗುವುದಿಲ್ಲ. ಇದು ನಿಮ್ಮ ಪ್ರಯೋಗದ ತಪ್ಪಲ್ಲ, ಬೀಟಾ-2 ಇರುವುದೇ ಹಾಗೆ. ವಾಸೊಪ್ರೆಸಿನ್‌ನ ವಿ2 ರಿಸೆಪ್ಟರ್ ಆದರೆ ಅರೆಸ್ಟಿನ್ ಕೈ ಬಿಡದೆ ಒಳಗಿನವರೆಗೂ ಬರುತ್ತದೆ. ಒಂದು ಡಿಶ್‌ನಲ್ಲಿ ಅದನ್ನೂ ಇಟ್ಟರೆ ಎರಡರ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಸೈಕ್ಲಿಕ್ ಎಎಂಪಿ ಸೆನ್ಸರ್ ಬಗ್ಗೆ ಚಿಕ್ಕದಾಗಿ. ಎಪ್ಯಾಕ್ ಎಂಬ ಪ್ರೊಟೀನಿನ ಒಂದು ತುಂಡು, ಅದರ ಒಂದು ಪಕ್ಕ ನೀಲಿ ದೀಪ, ಇನ್ನೊಂದು ಪಕ್ಕ ಹಳದಿ. ಹತ್ತಿರ ಇದ್ದಾಗ ನೀಲಿ ತನ್ನ ಶಕ್ತಿಯನ್ನು ಹಳದಿಗೆ ಕೊಡುತ್ತದೆ. ಸೈಕ್ಲಿಕ್ ಎಎಂಪಿ ಬಂದು ಕೂತರೆ ತುಂಡು ಬಾಯಿ ಬಿಟ್ಟು ದೀಪಗಳು ದೂರವಾಗುತ್ತವೆ, ನೀಲಿ ಏರಿ ಹಳದಿ ಇಳಿಯುತ್ತದೆ. ಎರಡರ ಅನುಪಾತವೇ ನಿಮ್ಮ ಅಳತೆ. ಪ್ರಯೋಗದ ಕೊನೆಗೆ, ಸೈಕ್ಲಿಕ್ ಎಎಂಪಿಯನ್ನು ನೇರವಾಗಿ ಏರಿಸುವ ಫೋರ್ಸ್‌ಕೋಲಿನ್ ಹಾಕಿ ಸೆನ್ಸರ್ ಎಷ್ಟರಮಟ್ಟಿಗೆ ಏರಬಲ್ಲದು ಅಂತ ನೋಡಿಕೊಳ್ಳಬೇಕು. ಬಾಟಲಿ ಮೇಲೆ ವಿದೇಶಿ ಹೆಸರಿದ್ದರೂ ಫೋರ್ಸ್‌ಕೋಲಿನ್ ಬರುವುದು ನಮ್ಮ ಮಕಂದಿ ಬೇರಿನಿಂದ. ಕರ್ನಾಟಕ, ತಮಿಳುನಾಡಿನ ರೈತರು ಅದನ್ನು ಬೆಳೆಯುತ್ತಾರೆ.

ಕೋಶಗಳನ್ನು ಆಮೇಲೆ ನೋಡಲು ಎತ್ತಿಡಬೇಕಾದರೆ 4 ಪರ್ಸೆಂಟ್ ಪ್ಯಾರಾಫಾರ್ಮಾಲ್ಡಿಹೈಡ್ ಬಳಸಿ. ಮೆಥನಾಲ್ ಹಾಕಿದರೆ ಜಿಎಫ್‌ಪಿ ನಂದಿಹೋಗುತ್ತದೆ.

ಎಣಿಸುವುದು

ಚಿತ್ರ ಅಳೆಯುವ ಫಿಜಿ ಅಥವಾ ಇಮೇಜ್‌ಜೆ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಅದೇ ಸಾಕು. ಪೊರೆಯ ಮೇಲೊಂದು, ಒಳಗೊಂದು, ಕೋಶವಿಲ್ಲದ ಖಾಲಿ ಜಾಗದಲ್ಲೊಂದು ಗೆರೆ ಎಳೆದು ಬೆಳಕಿನ ಸರಾಸರಿ ತೆಗೆಯಿರಿ. ಖಾಲಿ ಜಾಗದ ಅಂಕಿಯನ್ನು ಎರಡರಿಂದಲೂ ಕಳೆಯಲೇಬೇಕು. ಪೊರೆ 1200, ಒಳಗೆ 400, ಖಾಲಿ ಜಾಗ 100 ಇದೆ ಅಂತ ಇಟ್ಟುಕೊಳ್ಳಿ. ಕಳೆಯದೆ ಭಾಗಿಸಿದರೆ 3. ಕಳೆದು ಭಾಗಿಸಿದರೆ 1100ಕ್ಕೆ 300, ಅಂದರೆ 3.67. ಇಷ್ಟು ದೊಡ್ಡ ಅಂತರ ಬರೀ ಹಿನ್ನೆಲೆಯಿಂದ ಬಂತು. ಔಷಧಿ ಹಾಕಿದ ಮೇಲಿನ ಚಿತ್ರಕ್ಕೂ ಇದನ್ನೇ ಮಾಡಿ, ಮೊದಲಿನದಕ್ಕೆ ಹೋಲಿಸಿ.

ಅಳೆಯುವ ಕೋಶಗಳನ್ನು ಔಷಧಿಗೆ ಮುಂಚಿನ ಚಿತ್ರದಲ್ಲೇ ಆರಿಸಿ, ನಂಬರ್ ಹಾಕಿ. ಕೊನೆಯ ಚಿತ್ರ ನೋಡಿ ಚುಕ್ಕೆ ಚೆನ್ನಾಗಿ ಬಂದ ಕೋಶ ಹುಡುಕುವುದು ಮೋಸ. ಬೇರೆಯವರಿಗಿಂತ ಹೆಚ್ಚಾಗಿ ನಮಗೆ ನಾವೇ ಮಾಡಿಕೊಳ್ಳುವ ಮೋಸ. ಆಗುವುದಾದರೆ ಫೈಲಿನ ಹೆಸರು ಬದಲಿಸಿಕೊಡಲು ಸ್ನೇಹಿತರಿಗೆ ಹೇಳಿ. ಯಾವುದು ಔಷಧಿಯದು ಅಂತ ಗೊತ್ತಿಲ್ಲದೆ ಅಳೆಯಿರಿ. ಒಂದೇ ದಿನ ಒಂದೇ ಡಿಶ್‌ನ ನಲವತ್ತು ಕೋಶ ಎಣಿಸಿದರೆ ಅದು ನಲವತ್ತು ಪ್ರಯೋಗ ಆಗುವುದಿಲ್ಲ. ಒಂದೇ ಪ್ರಯೋಗ. ಬೇರೆ ಬೇರೆ ದಿನ, ಹೊಸದಾಗಿ ಕೋಶ ಬಿತ್ತಿ, ಕಡೇಪಕ್ಷ ಮೂರು ಸಲ ಮಾಡಿ.

ವಾಪಸ್ ಬರುತ್ತದಾ?

ಇದೊಂದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ರಿಸೆಪ್ಟರ್ ಒಳಗೆ ಹೋದ ಮೇಲೆ, ಡಿಶ್ ತೆಗೆಯದೆ, ಔಷಧಿ ಇರುವ ದ್ರಾವಣವನ್ನು ಮೆಲ್ಲಗೆ ಹೀರಿ ಬಿಡಿ. ಬೆಚ್ಚಗಿನ ಹೊಸ ದ್ರಾವಣದಿಂದ ಎರಡು ಮೂರು ಸಲ ತೊಳೆದು, ಕೊನೆಯದಕ್ಕೆ ಪ್ರೊಪ್ರನೊಲಾಲ್ ಸೇರಿಸಿ. ಉಳಿದ ಔಷಧಿಗೆ ಮತ್ತೆ ಕೂರಲು ಜಾಗ ಸಿಗಬಾರದು. ಈಗ ಕಾಯಿರಿ. ತಲೆಗೆ ಪಿಎಚ್‌ಲೋರಿನ್ ಕಟ್ಟಿದ ಡಿಶ್‌ನಲ್ಲಿ ಅಂಚಿನ ಬೆಳಕು ಮೆಲ್ಲಗೆ ಏರುತ್ತಾ ಬರುತ್ತದೆ. ಬಾಲಕ್ಕೆ ಜಿಎಫ್‌ಪಿ ಕಟ್ಟಿದ ಡಿಶ್‌ನಲ್ಲಿ ಚುಕ್ಕೆಗಳಲ್ಲಿ ಬಹುಪಾಲು ಒಳಗೇ ಉಳಿಯುತ್ತವೆ. ಎರಡೂ ಡಿಶ್ ಅನ್ನು ಒಂದೇ ದಿನ ಪಕ್ಕಪಕ್ಕದಲ್ಲಿ ನೋಡಿದರೆ, ಟ್ಯಾಗ್ ಎಲ್ಲಿ ಕಟ್ಟಬೇಕು ಅಂತ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ.

ಇದಕ್ಕೆ ಡಿಶ್ ಒಂದಕ್ಕೆ ಹೆಚ್ಚುಕಡಿಮೆ ಇನ್ನೊಂದು ಗಂಟೆ ಹಿಡಿಯುತ್ತದೆ. ಮೈಕ್ರೋಸ್ಕೋಪ್ ಬುಕ್ ಮಾಡುವಾಗ ಎರಡು ಗಂಟೆ ಅಂತ ಬರೆಯಬೇಡಿ, ನಾಲ್ಕು ಅಂತ ಬರೆಯಿರಿ. ನಿಮ್ಮ ನಂತರದ ಸ್ಲಾಟಿನವರು ಬಾಗಿಲು ತಟ್ಟುವ ಹೊತ್ತಿಗೇ ರಿಸೆಪ್ಟರ್ ವಾಪಸ್ ಬರಲು ಶುರುವಾಗುವುದು.